ಲೇಬರ್ ಕ್ಯಾಂಪಿನ ಮಕ್ಕಳಿಗೆ ಪಾಠ ಹೇಳ್ಬೇಕಂತಿದ್ದೀರಾ? ಪುಣೆಯಲ್ಲಿ ಓದ್ತಿರೋ ಕನ್ನಡದ ಹುಡುಗ ಹುಡುಗಿಯರಿಗೆ

ಎರಡನೇ ಕ್ಲಾಸಿನ ಒಂದು ಹುಡುಗಿ. ಮರಾಠಿ ಶಾಲೆಯಲ್ಲಿ ಟೀಚರ್ 'ತುಝೀ ಆಈ ಕುಠೇ ಆಹೇ' ಅಂತ ಕೇಳಿದ್ರು, ಅವಳು 'ಗಾವಾಲಾ' ಅಂದ್ಲು, ಊರಲ್ಲಿ ಇದಾಳೆ ಅಂತ. ತಾಯಿ ಜೊತೆಗಿಲ್ಲದ ಮಗು ಅಂತ ಶಾಲೆಯವರು ತಿಳ್ಕೊಂಡ್ರು. ಅವಳ ತಾಯಿ ಆ ಹೊತ್ತಿಗೆ ಶಾಲೆಯಿಂದ ಅರ್ಧ ಕಿಲೋಮೀಟರ್ ದೂರದ ಬಿಲ್ಡಿಂಗ್‌ನಲ್ಲಿ ಇಟ್ಟಂಗಿ ಹೊರ್ತಾ ಇದ್ದರು. ನಮ್ಮ ವಿಜಯಪುರ ಕಲಬುರಗಿ ಕಡೆ ಆಯಿ ಅಂದ್ರೆ ಅಜ್ಜಿ, ಮರಾಠಿಯಲ್ಲಿ ಆಈ ಅಂದ್ರೆ ಅಮ್ಮ. ಮಗು ಸುಳ್ಳು ಹೇಳಿರಲಿಲ್ಲ, ಟೀಚರ್ ಕೇಳಿದ್ದೂ ತಪ್ಪಲ್ಲ, ನಡುವೆ ಎರಡೂ ಭಾಷೆ ಗೊತ್ತಿರೋರು ಒಬ್ಬರೂ ಇರಲಿಲ್ಲ ಅಷ್ಟೇ.

ಈ ಲೇಖನ ಬರೀತಿರೋದು ಅದಕ್ಕೇ. ಪುಣೆಯ ವಾಕಡ್, ಹಿಂಜವಡಿ, ಬಾಲೇವಾಡಿ, ಪುನಾವಳೆ ಕಡೆ ಏಳೋ ಬಿಲ್ಡಿಂಗ್‌ಗಳ ಪಕ್ಕದ ಪತ್ರಾ (ತಗಡಿನ) ಶೆಡ್‌ಗಳಲ್ಲಿ ಸಂಜೆ ಹೊತ್ತು ನಿಂತು ಕೇಳ್ರಿ, ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತೆ. ಅಲ್ಲಿನ ಮಕ್ಕಳಿಗೆ ಪಾಠ ಹೇಳೋಕೆ ಬರೋ ವಾಲಂಟಿಯರ್‌ಗಳಲ್ಲಿ ಬಹಳ ಜನ ನಮಗಿಂತ ಚೆನ್ನಾಗಿ ಕಲಿಸ್ತಾರೆ, ಆದ್ರೆ ಆ ಮಗುವಿನ ಮನೆಮಾತು ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತು. ಬಿ.ಎಡ್. ಇಲ್ಲದೆ, ದುಡ್ಡಿಲ್ಲದೆ ನಾವು ಕೊಡಬಲ್ಲ ದೊಡ್ಡ ವಸ್ತು ಇದೇ, ಇದನ್ನ ಹೆಂಗೆ ಬಳಸ್ಬೇಕು ಅನ್ನೋದು ನನಗೆ ಎರಡು ವರ್ಷ ವಾರಕ್ಕೆ ಎರಡು ಸಂಜೆ ಒಂದು ಕ್ಯಾಂಪಿಗೆ ಹೋಗಿ ಬಂದ ಮೇಲೆ ಅರ್ಥ ಆಗಿದ್ದು. ನೀವು ಅಷ್ಟು ದಿನ ಕಾಯೋದು ಬೇಡ ಅಂತ ಹಂತ ಹಂತವಾಗಿ ಬರೀತಿದೀನಿ.

ಹಂತ 1: ಮೊದಲು ನಿಮ್ಮ ಟೈಂಟೇಬಲ್ ನೋಡ್ಕೊಳ್ರಿ

ಉತ್ಸಾಹದಲ್ಲಿ ದಿನಾ ಬರ್ತೀನಿ ಅಂತ ಹೇಳಬೇಡ್ರಿ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ತಾಸು, ಇಷ್ಟು ಸಾಕು, ಆದ್ರೆ ಅದೇ ದಿನ ಅದೇ ಹೊತ್ತಿಗೆ. ಎನ್‌ಎಸ್‌ಎಸ್‌ನಲ್ಲಿ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ) ಇರೋರಿಗೆ ಒಂದು ಲೆಕ್ಕ ಹೇಳ್ತೀನಿ, ಅಲ್ಲಿ ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ಸೇವೆ ಮಾಡ್ಬೇಕು, ವಾರಕ್ಕೆ ಮೂರು ತಾಸಿನಂತೆ 40 ವಾರ ಹೋದ್ರೆ ಸರಿಯಾಗಿ 120 ಆಗುತ್ತೆ. ನಿಮ್ಮ ಪ್ರೋಗ್ರಾಂ ಆಫೀಸರ್ ಹತ್ರ ಮೊದಲೇ ಮಾತಾಡಿದ್ರೆ ಇದನ್ನೇ ಆ ಲೆಕ್ಕಕ್ಕೆ ಹಿಡಿಯೋಕೆ ಒಪ್ಪಬಹುದು, ಕೇಳಿ ನೋಡ್ರಿ.

ಸೆಮಿಸ್ಟರ್ ಪರೀಕ್ಷೆ ಯಾವಾಗ, ಊರಿಗೆ ಹೋಗೋದು ಯಾವಾಗ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಮಾಡ್ಕೊಂಡು ಆ ವಾರಗಳಿಗೆ ಬದಲಿ ಯಾರು ಅನ್ನೋದನ್ನ ಶುರುವಿನಲ್ಲೇ ತೀರ್ಮಾನ ಮಾಡ್ರಿ. ನಾನು ಮೊದಲ ವರ್ಷ ಇದನ್ನ ಮಾಡಲಿಲ್ಲ. ಪರೀಕ್ಷೆ ಅಂತ ಹೇಳದೆ ಕೇಳದೆ ಮೂರು ವಾರ ಹೋಗಲಿಲ್ಲ, ವಾಪಸ್ ಹೋದಾಗ ಒಂದು ಹುಡುಗ 'ನೀ ಬಿಟ್ಟ ಹೋದಿ ಅಂತ ತಿಳಕೊಂಡಿದ್ವಿ' ಅಂದ, ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಜನ ಬರೋದು ಹೋಗೋದು ಅವನಿಗೆ ರೂಢಿ ಆಗಿತ್ತು. ನನಗೆ ಅದೇ ಹೆಚ್ಚು ನೋವಾಯ್ತು. ಆಮೇಲಿಂದ ರಜೆ ಇದ್ರೆ ಹಿಂದಿನ ಕ್ಲಾಸಿನಲ್ಲೇ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಮಕ್ಕಳ ಕೈಲೇ ಗುರುತು ಹಾಕಿಸ್ತೀನಿ.

ಹಂತ 2: ಜಾಗ, ಪರ್ಮಿಷನ್, ಸುರಕ್ಷತೆ

ಹೊಸದಾಗಿ ಎಲ್ಲ ನಾವೇ ಕಟ್ಟೋಕೆ ಹೋಗೋದಕ್ಕಿಂತ ಆ ಏರಿಯಾದಲ್ಲಿ ಈಗಾಗಲೇ ಕೆಲಸ ಮಾಡ್ತಿರೋ ಸಂಸ್ಥೆ ಅಥವಾ ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕದ ಜೊತೆ ಸೇರೋದು ಒಳ್ಳೇದು. ಅದು ಆಗಲಿಲ್ಲ ಅಂದ್ರೆ ಸೈಟ್ ಸೂಪರ್‌ವೈಸರ್ ಹತ್ರ ಕಾಲೇಜಿನ ಪತ್ರ ಹಿಡ್ಕೊಂಡು ಹೋಗ್ರಿ, ಆಮೇಲೆ ಮುಕಾದಮನ ಹತ್ರ, ಅಂದ್ರೆ ಕೆಲಸಗಾರರನ್ನ ಊರಿಂದ ಕರ್ಕೊಂಡು ಬಂದಿರೋ ವ್ಯಕ್ತಿ ಹತ್ರ. ಇವರನ್ನ ಬಿಟ್ಟು ನೇರವಾಗಿ ಶೆಡ್‌ಗೆ ಹೋದ್ರೆ ಯಾರೂ ನಂಬೋದಿಲ್ಲ. ಕೊನೆಗೆ ಅವ್ವ ಅಪ್ಪಂದಿರ ಹತ್ರ, ಅದೂ ಸಂಜೆ ಏಳರ ಮೇಲೆ, ಕೆಲಸದಿಂದ ಬಂದು ನೀರು ತುಂಬಿ ಒಲೆ ಹಚ್ಚಿದ ಮೇಲೆ. 'ಅಕ್ಕಾರ, ಯಾವ ಊರ್ರಿ ನಿಮ್ಮದು' ಅಂತ ನಮ್ಮ ಮಾತಲ್ಲಿ ಶುರು ಮಾಡಿದ್ರೆ ಅರ್ಧ ಕೆಲಸ ಆಗುತ್ತೆ. ತಾಲೂಕು ಯಾವುದು, ಜಾತ್ರೆ ಯಾವಾಗ, ಈ ಸಲ ತೊಗರಿ ಹೆಂಗೆ ಬಂದಿದೆ, ಇಷ್ಟು ಕೇಳೋವಷ್ಟರಲ್ಲಿ ಕುಂದ್ರು ಅಂತ ಹೇಳಿ ಚಹಾ ಇಡ್ತಾರೆ.

ಪಾಠ ನಡೆಯೋ ಜಾಗ ತೆರೆದಿರ್ಬೇಕು, ಬೆಳಕಿರ್ಬೇಕು, ದೊಡ್ಡವರ ಕಣ್ಣಿಗೆ ಕಾಣೋ ಹಂಗಿರ್ಬೇಕು. ಕಬ್ಬಿಣದ ಸಲಾಕೆ, ಲಿಫ್ಟ್ ಗುಂಡಿ, ನೀರಿನ ಟಾಕಿ ಇರೋ ಕಡೆಯಿಂದ ದೂರ. ಈ ಕೆಳಗಿನ ಮಾತುಗಳಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬಿಡಬೇಡ್ರಿ:

ಯಾವತ್ತೂ ಇಬ್ಬರು ವಾಲಂಟಿಯರ್ ಇರ್ಬೇಕು, ಒಬ್ಬರೇ ಹೋಗೋದು ಬೇಡ.

ಮಗುವನ್ನ ಒಂಟಿಯಾಗಿ ಎಲ್ಲಿಗೂ ಕರ್ಕೊಂಡು ಹೋಗೋದು, ನಿಮ್ಮ ರೂಮಿಗೆ ಕರೆಯೋದು, ಬೈಕ್ ಮೇಲೆ ಕೂರಿಸ್ಕೊಳ್ಳೋದು ಬೇಡ.

ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡ್ರಿ, ಅವರ ಅಪ್ಪ ಅವ್ವ ಹೂಂ ಅಂದ್ರೂ ಬೇಡ, ಅವರಿಗೆ ಅದು ಎಲ್ಲೆಲ್ಲಿ ಹೋಗುತ್ತೆ ಅನ್ನೋ ಅಂದಾಜು ಇರೋದಿಲ್ಲ.

ಯಾವುದಾದ್ರೂ ಮಗುವಿಗೆ ತೊಂದರೆ ಆಗ್ತಿದೆ, ಯಾರೋ ಕೈ ಮಾಡ್ತಿದ್ದಾರೆ ಅಂತ ಗೊತ್ತಾದ್ರೆ ನೀವೇ ವಿಚಾರಣೆ ಮಾಡೋಕೆ ಹೋಗಬೇಡ್ರಿ, ಮಗು ಹೇಳಿದ್ದನ್ನ ಸಮಾಧಾನವಾಗಿ ಕೇಳಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ರಿ, ತುರ್ತು ಇದ್ರೆ 112. ಲೈಂಗಿಕ ಕಿರುಕುಳದ ವಿಷಯ ಆದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದೇ ಇರೋದೇ ತಪ್ಪು. 'ಯಾರಿಗೂ ಹೇಳಲ್ಲ' ಅಂತ ಮಗುವಿಗೆ ಮಾತು ಕೊಡಬೇಡ್ರಿ, ಯಾಕಂದ್ರೆ ಆ ಮಾತು ಉಳಿಸ್ಕೊಳ್ಳೋಕೆ ಆಗೋದಿಲ್ಲ.

ಇನ್ನೊಂದು, ಬಿಸ್ಕೀಟು ಚಾಕಲೇಟು ಹಂಚೋದ್ರಿಂದ ಶುರು ಮಾಡಬೇಡ್ರಿ. ಹಸಿದಿರೋ ಮಗುವಿಗೆ ತಿನ್ನೋಕೆ ಕೊಡೋದು ಬೇರೆ, ಅದನ್ನ ಎಲ್ಲರೂ ಕೂಡಿ ಕೊನೆಗೆ ಕೂತು ತಿನ್ನೋ ಹಂಗೆ ಇಟ್ಕೊಳ್ರಿ. ಬಂದ ಕೂಡಲೇ ಹಂಚಿದ್ರೆ ನಲವತ್ತು ಜನ ಬರ್ತಾರೆ, ಹತ್ತು ನಿಮಿಷದಲ್ಲಿ ಹನ್ನೆರಡು ಜನ ಉಳೀತಾರೆ.

ಹಂತ 3: ಎರಡು ವಾರ ಪಾಠ ಬೇಡ, ಯಾರಿಗೆ ಏನು ಬರುತ್ತೆ ಅಂತ ತಿಳ್ಕೊಳ್ರಿ

ಎಷ್ಟನೇ ಕ್ಲಾಸು ಅಂತ ಕೇಳಿ ಆ ಕ್ಲಾಸಿನ ಪುಸ್ತಕ ತೆಗೆಯೋದು ನಾವೆಲ್ಲ ಮಾಡೋ ಮೊದಲ ತಪ್ಪು. ಈ ಮಕ್ಕಳು ಜೂನ್‌ನಲ್ಲಿ ಬಿತ್ತನೆಗೆ ಅಪ್ಪ ಅವ್ವನ ಜೊತೆ ಊರಿಗೆ ಹೋಗಿರ್ತಾರೆ, ದೀಪಾವಳಿ ಆದ ಮೇಲೆ ಬರ್ತಾರೆ, ಒಂದು ವರ್ಷ ಅಲ್ಲಿ ಕನ್ನಡ ಶಾಲೆ, ಮುಂದಿನ ವರ್ಷ ಇಲ್ಲಿ ಮರಾಠಿ ಶಾಲೆ, ನಡುವೆ ಒಂದು ವರ್ಷ ಯಾವ ಶಾಲೆಯೂ ಇಲ್ಲ, ಹಿಂಗಾಗಿ ಐದನೇ ಕ್ಲಾಸು ಅಂತ ಹೇಳೋ ಮಗುವಿಗೆ ಅಕ್ಷರವೇ ಬರದೇ ಇರಬಹುದು, ಶಾಲೆಗೇ ಹೋಗದ ಮಗು ಕಿರಾಣಿ ಅಂಗಡಿ ಲೆಕ್ಕ ಬಾಯಲ್ಲೇ ಮಾಡಬಹುದು.

1995ರಲ್ಲಿ ಮುಂಬೈನ ಬಸ್ತಿಗಳಲ್ಲಿ ಕೆಲಸ ಶುರು ಮಾಡಿದ ಪ್ರಥಮ್ ಸಂಸ್ಥೆ 2005ರಿಂದ ಅಸರ್ ಅನ್ನೋ ಸಮೀಕ್ಷೆ ಮಾಡ್ತಾ ಬಂದಿದೆ. ಅದರಲ್ಲಿ ಮಕ್ಕಳ ಓದನ್ನ ನೋಡೋ ರೀತಿ ಬಹಳ ಸರಳ, ಯಾರು ಬೇಕಾದ್ರೂ ಮಾಡಬಹುದು. ಒಂದು ಹಾಳೆಯಲ್ಲಿ ನಾಲ್ಕು ಭಾಗ: ಬಿಡಿ ಅಕ್ಷರ, ಸಣ್ಣ ಪದ, ನಾಲ್ಕು ಸಾಲಿನ ಸಣ್ಣ ಪ್ಯಾರಾ, ಸ್ವಲ್ಪ ಉದ್ದದ ಕಥೆ. ಮೊದಲು ಪ್ಯಾರಾ ಕೊಡ್ರಿ. ತಡವರಿಸದೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದ್ರೆ ಕಥೆ ಕೊಡ್ರಿ, ಇಲ್ಲಾಂದ್ರೆ ಪದಕ್ಕೆ ಇಳೀರಿ, ಐದರಲ್ಲಿ ನಾಲ್ಕು ಬಂದ್ರೆ ಆ ಮಗು ಪದದ ಹಂತದಲ್ಲಿದೆ, ಬರದಿದ್ರೆ ಅಕ್ಷರ. ಲೆಕ್ಕಕ್ಕೂ ಹಿಂಗೇ, 1ರಿಂದ 9 ಗುರುತಿಸೋದು, 11ರಿಂದ 99, ಎರಡಂಕಿ ಕಳೆಯೋದು, ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋದು. ಒಂದು ಮಗುವಿಗೆ ಐದು ನಿಮಿಷ ಸಾಕು.

ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸ್ಕೊಂಡು ಮಾಡ್ರಿ, ಆದ್ರೆ ಎಲ್ಲರ ಕಣ್ಣಿಗೂ ಕಾಣೋ ಜಾಗದಲ್ಲಿ. ಗುಂಪಲ್ಲಿ ಮಾಡಿದ್ರೆ ಬರೋ ಮಕ್ಕಳು ಹೇಳಿಕೊಡ್ತಾರೆ, ಬರದೇ ಇರೋ ದೊಡ್ಡ ಹುಡುಗರಿಗೆ ಅವಮಾನ ಆಗಿ ಮರುದಿನ ಬರೋದೇ ಇಲ್ಲ. ಕನ್ನಡದಲ್ಲೂ ಒಂದು ಸಲ, ಮರಾಠಿಯಲ್ಲೂ ಒಂದು ಸಲ ನೋಡ್ರಿ. ಒಂದು ನೋಟ್‌ಬುಕ್ ಇಟ್ಟು ಮಗುವಿಗೆ ಒಂದು ಪುಟ, ಅದರಲ್ಲಿ ಊರು, ಮನೆಮಾತು (ಎಲ್ಲರದ್ದೂ ಕನ್ನಡ ಅಂತ ಅಂದ್ಕೋಬೇಡ್ರಿ, ಲಂಬಾಣಿ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ), ಓದಿನ ಹಂತ, ಲೆಕ್ಕದ ಹಂತ, ಮತ್ತೆ ಮಗುವಿಗೆ ಏನು ಇಷ್ಟ. ಉಳಿದ ಹೊತ್ತು ಕುಂಟೆಬಿಲ್ಲೆ ಆಡ್ರಿ, ಒಗಟು ಹೇಳ್ರಿ, ಹೆಸರು ನೆನಪಿಟ್ಕೊಳ್ರಿ.

ಆಮೇಲೆ ಗುಂಪು ಮಾಡುವಾಗ ವಯಸ್ಸಿನ ಮೇಲೆ ಮಾಡದೆ ಹಂತದ ಮೇಲೆ ಮಾಡ್ರಿ. ಹನ್ನೆರಡು ವರ್ಷದ ಹುಡುಗ ಏಳು ವರ್ಷದವರ ಜೊತೆ ಅಕ್ಷರದ ಗುಂಪಲ್ಲಿ ಕೂರಬೇಕಾದ್ರೆ ಅವನಿಗೆ ಒಂದು ಜವಾಬ್ದಾರಿ ಕೊಡ್ರಿ, ಅಟೆಂಡೆನ್ಸ್ ತಗೊಳ್ಳೋದು, ಬಳಪ ಹಂಚೋದು. ಮರ್ಯಾದೆ ಉಳಿದ್ರೆ ಕೂತ್ಕೋತಾನೆ.

ಹಂತ 4: ಯಾವ ಭಾಷೆಯಲ್ಲಿ ಕಲಿಸೋದು

ಇದರ ಬಗ್ಗೆ ವಾಲಂಟಿಯರ್‌ಗಳಲ್ಲಿ ಜಗಳವೇ ಆಗುತ್ತೆ. ಮಹಾರಾಷ್ಟ್ರದಲ್ಲಿದ್ದೀವಿ ಮರಾಠಿಯಲ್ಲೇ ಕಲಿಸ್ಬೇಕು ಅಂತ ಕೆಲವರು, ನಮ್ಮ ಮಕ್ಕಳು ಕನ್ನಡವೇ ಕಲೀಬೇಕು ಅಂತ ಕೆಲವರು, ಇಂಗ್ಲಿಷ್ ಕಲಿಸ್ರಿ ಅಂತ ಅಪ್ಪ ಅವ್ವಂದಿರು. ನನ್ನ ಅಭಿಪ್ರಾಯ ಹೇಳ್ತೀನಿ. ಅರ್ಥ ಹೇಳೋದು ಮನೆಮಾತಲ್ಲಿ, ಓದು ಬರಹ ಮೊದಲು ಮಗು ಹೋಗ್ತಿರೋ ಶಾಲೆಯ ಲಿಪಿಯಲ್ಲಿ. ಮುಂದಿನ ವರ್ಷ ಎಲ್ಲಿರ್ತೀರಿ ಅಂತ ಮನೆಯವರನ್ನ ಕೇಳ್ರಿ. ಇಲ್ಲೇ ಇರ್ತೀವಿ ಅಂದ್ರೆ ಮರಾಠಿ ಲಿಪಿ ಮೊದಲು, ಪ್ಯಾರಾ ಓದೋ ಮಟ್ಟಕ್ಕೆ ಬಂದ ಮೇಲೆ ಕನ್ನಡ ಅಕ್ಷರ ಬೇಗ ಬರುತ್ತೆ. ಯುಗಾದಿಗೆ ಊರಿಗೆ ಹೋಗಿ ಅಲ್ಲೇ ಆಯಿ ಮುತ್ಯಾನ (ಅಜ್ಜಿ ಅಜ್ಜನ) ಹತ್ರ ಬಿಡ್ತೀವಿ ಅಂದ್ರೆ ಕನ್ನಡವೇ ಮೊದಲು, ಇಲ್ಲಿ ಮೂರು ತಿಂಗಳು ಮರಾಠಿ ಕಾಗುಣಿತ ತಿದ್ದಿಸಿ ಕಳಿಸಿದ್ರೆ ಅಲ್ಲಿ ಮತ್ತೆ ಸೊನ್ನೆಯಿಂದ ಶುರು ಮಾಡ್ಬೇಕಾಗುತ್ತೆ.

ಕನ್ನಡ ಶಾಲೆಯಿಂದ ಬಂದ ಸಣ್ಣ ಮಕ್ಕಳಿಗೆ ಅ ಆ ಇ ಈ ಇಂದ ಶುರು ಮಾಡೋ ಮುಂಚೆ ಒಂದು ಸಲ 'ರ ಗ ಸ ದ ಅ' ಬರೆದು ತೋರಿಸ್ರಿ. ಕರ್ನಾಟಕದ ಸರಕಾರಿ ಶಾಲೆಗಳ ನಲಿ ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸೋ ಕ್ರಮ ಅದು, ಆಮೇಲೆ 'ಜ ವ ಮ ಬ ನ'. ನಾನು ವರ್ಣಮಾಲೆ ಹೇಳಿಸಿ ಏನೂ ಬರಲ್ಲ ಅಂತ ಬರ್ಕೊಂಡಿದ್ದ ಒಂದು ಮಗು ಇದನ್ನ ನೋಡಿದ ಕೂಡಲೇ ಸರ, ರಸ, ಅರಸ, ಗರಗಸ ಅಂತ ಓದ್ತಾ ಹೋಯ್ತು.

ಎರಡೂ ಭಾಷೆಯಲ್ಲಿ ಇರೋ ಪದಗಳ ಪಟ್ಟಿ ಮಕ್ಕಳ ಕೈಲೇ ಮಾಡಿಸ್ರಿ, ಇದು ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಇಷ್ಟದ ಆಟ. ಪಾಟಿ ಅಲ್ಲೂ ಪಾಟಿ, ಗಿರಣಿ ಅಲ್ಲೂ ಗಿರಣಿ, ತುಪ್ಪ ಅಲ್ಲಿ ತೂಪ, ಕೊತ್ತಂಬರಿ ಅಲ್ಲಿ ಕೋಥಿಂಬೀರ. ಇಷ್ಟು ಮರಾಠಿ ನಿಮಗೆ ಈಗಾಗಲೇ ಬರುತ್ತೆ ಅಂತ ಹೇಳಿದಾಗ ಅವರ ಮುಖ ನೋಡ್ಬೇಕು. ಪಕ್ಕದಲ್ಲೇ ಇನ್ನೊಂದು ಪಟ್ಟಿ, ಒಂದೇ ಸದ್ದು ಬೇರೆ ಅರ್ಥ: ಆಯಿ ಹೇಳಿದೆನಲ್ಲ, ಬಾಯಿ (ಮರಾಠಿಯಲ್ಲಿ ಹೆಂಗಸು, ಶಾಲೆಯಲ್ಲಿ ಟೀಚರನ್ನೇ ಬಾಈ ಅಂತ ಕರೀತಾರೆ), ನಾಕ (ಅಲ್ಲಿ ಮೂಗು, ನಮ್ಮ ಮಕ್ಕಳು ನಾಲ್ಕು ಬೆರಳು ತೋರಿಸ್ತಾರೆ), ತಾಯಿ (ಮರಾಠಿಯಲ್ಲಿ ತಾಈ ಅಂದ್ರೆ ಅಕ್ಕ). ಕ್ಯಾಂಪಿನ ಮರಾಠಿ ಮಕ್ಕಳು ನನ್ನನ್ನ ತಾಈ ಅಂತಾರೆ, ನಮ್ಮವರು ಅಕ್ಕ ಅಂತಾರೆ, ಒಬ್ಬ ಪುಟ್ಟ ಹುಡುಗ ಎರಡನ್ನೂ ಸೇರಿಸಿ 'ತಾಯಿಅಕ್ಕ' ಅಂತಿದ್ದ. ಈ ಎರಡನೇ ಪಟ್ಟಿಯ ಒಂದು ಕಾಪಿ ಶಾಲೆಯ ಕ್ಲಾಸ್ ಟೀಚರ್‌ಗೂ ಕೊಡ್ರಿ. ನಾವು ಕೊಟ್ಟಾಗ ಆ ಟೀಚರ್ ಬಹಳ ಖುಷಿಪಟ್ರು, ಐವತ್ತು ಮಕ್ಕಳ ನಡುವೆ ಈ ಮಗು ಯಾಕೆ ಹಿಂಗೆ ಉತ್ತರ ಕೊಡುತ್ತೆ ಅಂತ ಅವರಿಗೂ ಗೊತ್ತಾಗಿರಲಿಲ್ಲ.

ಹಂತ 5: ಅಂಕಿ, ಇಲ್ಲಿ ಸ್ವಲ್ಪ ನಿಂತ್ಕೊಂಡು ಓದ್ರಿ

ಮರಾಠಿ ಶಾಲೆಯಲ್ಲಿ ಡಿಕ್ಟೇಶನ್ ಕೊಟ್ಟಾಗ ನಮ್ಮ ಮಕ್ಕಳು 43ಕ್ಕೆ 34 ಬರೀತಾರೆ, 25ಕ್ಕೆ 52 ಬರೀತಾರೆ. ನಾನು ಮೊದಮೊದಲು ಅಜಾಗ್ರತೆ ಅಂತ ಬೈದಿದ್ದೂ ಇದೆ. ಅಜಾಗ್ರತೆ ಅಲ್ಲ ಅದು, ಕಿವಿಗೆ ಬಿದ್ದದ್ದನ್ನ ಬಿದ್ದ ಕ್ರಮದಲ್ಲೇ ಪ್ರಾಮಾಣಿಕವಾಗಿ ಬರೀತಿದ್ರು. ಕನ್ನಡದಲ್ಲಿ ನಲವತ್ತಮೂರು, ಹತ್ತರದ್ದು ಮೊದಲು ಬಿಡಿ ಆಮೇಲೆ, ಬರೆಯೋದೂ ಅದೇ ಕ್ರಮದಲ್ಲಿ. ಮರಾಠಿಯಲ್ಲಿ ತ್ರೇಚಾಳೀಸ, ಮೂರು ಮೊದಲು ನಲವತ್ತು ಆಮೇಲೆ. ಪಂಚವೀಸ ಅಂದ್ರೆ ಐದು, ಇಪ್ಪತ್ತು. ಅದರ ಮೇಲೆ ಏಕೋಣತೀಸ ಅಂತ ಬೇರೆ, ಅದು 29, ಮೂವತ್ತಕ್ಕೆ ಒಂದು ಕಮ್ಮಿ ಅಂತ ಅರ್ಥ, ಮಗು ತೀಸ ಅನ್ನೋದನ್ನ ಹಿಡ್ಕೊಂಡು 31 ಬರೆಯುತ್ತೆ.

ಇದು ನಮ್ಮ ಮಕ್ಕಳಿಗೆ ಮಾತ್ರ ಕಷ್ಟ ಅಲ್ಲ. 2019ರಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಎರಡನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಏಕವೀಸ ಅನ್ನೋದನ್ನ 'ವೀಸ ಏಕ' ಅಂತಾನೂ ಓದೋ ರೀತಿ ಕೊಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಆಯ್ತು, ಗಣಿತಜ್ಞೆ ಮಂಗಲಾ ನಾರಳೀಕರ್ ಮಕ್ಕಳಿಗೆ ಇದು ಸುಲಭ ಅಂತ ಅದರ ಪರ ನಿಂತಿದ್ರು. ವೀಸ ಏಕ ಅಂದ್ರೆ ನಮ್ಮ ಇಪ್ಪತ್ತೊಂದೇ ಅಲ್ವಾ. ಮರಾಠಿ ಮಕ್ಕಳಿಗಾಗಿ ಅಷ್ಟು ಚರ್ಚೆ ಆಗಿದ್ದು ನಮ್ಮ ಮಕ್ಕಳ ನಾಲಿಗೆ ಮೇಲೆ ಹುಟ್ಟಿನಿಂದಲೇ ಇದೆ, ಅದನ್ನ ಬಳಸ್ರಿ.

ನಾನು ಮಾಡೋದು ಹಿಂಗೆ. ಹಳೇ ಮದುವೆ ಪತ್ರಿಕೆ ಕತ್ತರಿಸಿ ಎರಡು ಥರ ಕಾರ್ಡ್ ಮಾಡ್ಕೊಳ್ರಿ: ಉದ್ದದ ಕಾರ್ಡ್ ಮೇಲೆ 10, 20, 30 ಹಿಂಗೆ 90ರ ತನಕ, ಅದರ ಅರ್ಧ ಅಗಲದ ಕಾರ್ಡ್ ಮೇಲೆ 1ರಿಂದ 9. 40ರ ಸೊನ್ನೆ ಮೇಲೆ 3ರ ಕಾರ್ಡ್ ಇಟ್ರೆ 43. ಮೊದಲ ವಾರ ಪೂರ್ತಿ ಕನ್ನಡದಲ್ಲೇ, ನಲವತ್ತಮೂರು ಅಂದ ಕೂಡಲೇ 40 ಎತ್ತು, 3 ಇಡು. ಇದರ ಜೊತೆಗೆ ಕಡ್ಡಿಪೆಟ್ಟಿಗೆ ಕಡ್ಡಿ (ಮದ್ದು ಕೆರೆದು ತೆಗೆದಿರೋದು) ಹತ್ತತ್ತರ ಕಟ್ಟು ರಬ್ಬರ್ ಬ್ಯಾಂಡ್ ಹಾಕಿ, ನಾಲ್ಕು ಕಟ್ಟು ಮೂರು ಬಿಡಿ ಕಡ್ಡಿ. ಕೈಗೆ ಚೆನ್ನಾಗಿ ಹತ್ತಿದ ಮೇಲೆ ಎರಡನೇ ವಾರ ಮರಾಠಿಯಲ್ಲಿ ಹೇಳ್ರಿ, ಆಗ ಒಂದು ನಿಯಮ: ಮರಾಠಿ ಅಂಕಿ ಕೇಳಿದ್ರೆ ಬಲಗಡೆಯಿಂದ ಇಡು. ತ್ರೇ ಅಂದ್ರೆ 3 ಬಲಗಡೆ, ಚಾಳೀಸ ಅಂದ್ರೆ 40 ಅದರ ಕೆಳಗೆ ಜಾರಿಸು. ಏಕೋಣ ಅಂತ ಕೇಳಿದ್ರೆ ಕೈ ನಿಲ್ಲಿಸಿ ಪೂರ್ತಿ ಕೇಳು, ಆ ಹತ್ತರಿಂದ ಒಂದು ಕಡ್ಡಿ ತೆಗಿ. ಎಲ್ಲರಿಗೂ ಒಂದೇ ವಾರದಲ್ಲಿ ಬರೋದಿಲ್ಲ, ನನ್ನ ಗುಂಪಲ್ಲಿ ಒಬ್ಬಳಿಗೆ ಎರಡು ತಿಂಗಳು ಬೇಕಾಯ್ತು, ಬಂದ ಮೇಲೆ ಅವಳೇ ಬೇರೆಯವರಿಗೆ ಹೇಳಿಕೊಟ್ಟಳು.

ಕನ್ನಡದ ಒಳಗೂ ಒಂದು ಗೊಂದಲ ಇದೆ, ಒಂಬತ್ತು, ತೊಂಬತ್ತು, ಒಂಬೈನೂರು. ಈ ಮೂರನ್ನ ಬೇರೆಯಾಗಿ ಕೂರಿಸಿ ಕಡ್ಡಿ ಲೆಕ್ಕದಲ್ಲಿ ತೋರಿಸ್ರಿ. ಮರಾಠಿ ಪುಸ್ತಕದ ದೇವನಾಗರಿ ಅಂಕಿಗಳಲ್ಲಿ ಒಂದು ಅನ್ನೋದು ನಮಗೆ ರೂಢಿಯಿರೋ 9ರ ಥರ ಕಾಣುತ್ತೆ, ಇದೂ ಮಕ್ಕಳನ್ನ ಎಡವಿಸುತ್ತೆ, ಗೋಡೆ ಮೇಲೆ ಮೂರೂ ಥರದ ಅಂಕಿಯ ಚಾರ್ಟ್ ಹಾಕಿಬಿಡ್ರಿ.

ಕಳೆಯೋ ಲೆಕ್ಕಕ್ಕೆ ಬಂದಾಗ 52ರಿಂದ 27 ಅಂತ ಹಾಳೆ ಮೇಲೆ ಶುರು ಮಾಡಬೇಡ್ರಿ. ಕಟ್ಟು ಬಿಚ್ಚಿಸ್ರಿ. ಎರಡು ಬಿಡಿ ಕಡ್ಡಿಯಿಂದ ಏಳು ಕೊಡೋಕೆ ಆಗ್ತಿಲ್ಲ, ಏನು ಮಾಡ್ತಿ ಅಂತ ಕೇಳಿದ್ರೆ ಮಗುವೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತೆ. ಆ ಹೊತ್ತಿಗೆ ಸುಮ್ಮನೆ ನೋಡ್ತಾ ಕೂತ್ಕೊಳ್ರಿ, ಬಾಯಿ ಹಾಕಬೇಡ್ರಿ. ದುಡ್ಡಿನ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತೆ, ಕಿರಾಣಿ ಅಂಗಡಿಯವನು ದೀಡಶೇ ಅಂದ್ರೆ 150, ಅಡೀಚಶೇ ಅಂದ್ರೆ 250 ಅಂತ ಪುಸ್ತಕ ನೋಡದೇ ಇರೋ ಮಗುವಿಗೂ ಗೊತ್ತು, ಅರ್ಧ, ಕಾಲು, ಮುಕ್ಕಾಲು ಕಲಿಸೋಕೆ ಅದೇ ಬಾಗಿಲು.

ಹಂತ 6: ಓದಿಸೋದು

ದಿನಾ ಒಂದು ಕಥೆ ನೀವು ಗಟ್ಟಿಯಾಗಿ ಓದ್ರಿ. ಪುಸ್ತಕಕ್ಕೆ ದುಡ್ಡಿಲ್ಲ ಅಂದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ಇದೆ, 2015ರಿಂದ ನಡೀತಿದೆ, ಕನ್ನಡ ಮರಾಠಿ ಎರಡೂ ಇದೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕೋಕೆ ದುಡ್ಡು ಕೊಡ್ಬೇಕಿಲ್ಲ, ಓದೋ ಮಟ್ಟದ ಮೇಲೆ ಕಥೆ ಹುಡುಕಬಹುದು. ಎಷ್ಟೋ ಕಥೆ ಎರಡೂ ಭಾಷೆಯಲ್ಲಿ ಸಿಗುತ್ತೆ, ಸೋಮವಾರ ಕನ್ನಡದಲ್ಲಿ ಕೇಳಿಸಿ ಗುರುವಾರ ಅದೇ ಕಥೆ ಮರಾಠಿಯಲ್ಲಿ ಓದಿಸಿದ್ರೆ ಅರ್ಥ ಮೊದಲೇ ಗೊತ್ತಿರೋದ್ರಿಂದ ಮಗು ಧೈರ್ಯದಿಂದ ಓದುತ್ತೆ. ಬಾಲಭಾರತಿಯವರು ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನೂ ಹೊರತರ್ತಾರೆ, ಸೋಲಾಪುರ ಸಾಂಗ್ಲಿ ಗಡಿಯ ಕನ್ನಡ ಶಾಲೆಗಳಿಗೆ, ಮುಂಬೈನ ಕನ್ನಡ ಶಾಲೆಗಳಿಗೆ ಅಂತ. ಪಿಡಿಎಫ್ ಉಚಿತ. ಗಣಿತದ ಕನ್ನಡ ಪುಸ್ತಕ ಪಕ್ಕಕ್ಕಿಟ್ಕೊಂಡ್ರೆ ಮರಾಠಿ ಪುಸ್ತಕದ ಪದಗಳಿಗೆ ಕನ್ನಡ ಏನು ಅಂತ ನೀವು ತಲೆ ಕೆಡಿಸ್ಕೊಳ್ಳೋದು ಬೇಕಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಮಕ್ಕಳ ಸ್ವಂತ ಮಾತು. ನಿನ್ನೆ ಏನಾಯ್ತು ಹೇಳು ಅಂತ ಕೇಳ್ರಿ, ಮಗು ಹೇಳಿದ್ದನ್ನ ಹೇಳಿದ ಹಂಗೇ ದೊಡ್ಡಕ್ಷರದಲ್ಲಿ ಬರೀರಿ, 'ನಮ್ಮ ಶೆಡ್ಡಿನಾಗ ನೀರ ಬಂತು, ಅವ್ವ ಹಾಸಿಗಿ ಎತ್ತಿ ಮ್ಯಾಲ ಇಟ್ಟಳು'. ಇದನ್ನ ಶುದ್ಧ ಕನ್ನಡ ಮಾಡೋಕೆ ಹೋಗಬೇಡ್ರಿ. ತನ್ನ ಬಾಯಿಂದ ಬಂದ ಮಾತು ಹಾಳೆ ಮೇಲೆ ಕಂಡ ಮಗು ಅದನ್ನ ಹತ್ತು ಸಲ ಓದುತ್ತೆ, ಅವ್ವಗೆ ಓದಿ ತೋರಿಸೋಕೆ ಮನೆಗೆ ಒಯ್ಯುತ್ತೆ. ಒತ್ತಕ್ಷರ, ದೀರ್ಘ, ಎ ಏ ವ್ಯತ್ಯಾಸ (ಮರಾಠಿ ಲಿಪಿಯಲ್ಲಿ ಈ ಹ್ರಸ್ವ ದೀರ್ಘ ಬೇರೆ ಬೇರೆ ಇಲ್ಲ, ಅದಕ್ಕೇ ಬಹಳ ಮಕ್ಕಳು ತಪ್ತಾರೆ) ಎಲ್ಲ ಆ ಸಾಲುಗಳಿಂದಲೇ ಹೇಳಿಕೊಡಬಹುದು.

ಒಂದೂವರೆ ತಾಸು ಹೆಂಗೆ ಹಂಚ್ಕೊಳ್ಳೋದು ಅಂತ ಕೇಳಿದ್ರೆ, ಹತ್ತು ನಿಮಿಷ ಹಾಡು ಆಟ, ಮೂವತ್ತು ನಿಮಿಷ ಗುಂಪಿನಲ್ಲಿ ಓದು, ಮೂವತ್ತು ನಿಮಿಷ ಲೆಕ್ಕ, ಕೊನೆಗೆ ಕಥೆ. ಕಥೆ ಕೊನೆಗೇ ಇರಲಿ, ಅದಕ್ಕೋಸ್ಕರ ಉಳೀತಾರೆ. ತಮ್ಮ ತಂಗಿಯನ್ನ ಕಂಕುಳಲ್ಲಿ ಎತ್ಕೊಂಡು ಬರೋ ಹುಡುಗಿಯರನ್ನ ವಾಪಸ್ ಕಳಿಸಬೇಡ್ರಿ, ಕೂಸು ಬಿಟ್ಟು ಬಾ ಅಂದ್ರೆ ಅವಳು ಬರೋದೇ ನಿಲ್ಲುತ್ತೆ, ಒಂದು ಚಾಪೆ, ನಾಲ್ಕು ಡಬ್ಬಿ ಇಟ್ಟು ಕೂಸುಗಳಿಗೂ ಒಂದು ಮೂಲೆ ಮಾಡ್ರಿ.

ಹಂತ 7: ಎಂಟನೇ ಕ್ಲಾಸಿನ ಮೇಲಿನವರು

ಇವರಿಗೆ ಪಾಠಕ್ಕಿಂತ ಒಬ್ಬ ಅಣ್ಣ ಅಕ್ಕ ಬೇಕು. ಹದಿನಾಲ್ಕು ವರ್ಷದ ಹುಡುಗ ಅಪ್ಪನ ಜೊತೆ ಕೆಲಸಕ್ಕೆ ಹೋಗಲಾ ಅಂತ ಯೋಚಿಸ್ತಿರ್ತಾನೆ, ಹುಡುಗಿಗೆ ಊರಲ್ಲಿ ಮದುವೆ ಮಾತು ನಡೀತಿರುತ್ತೆ. ಉಪದೇಶ ಮಾಡಬೇಡ್ರಿ, ಏನೇನು ದಾರಿ ಇದೆ ಅನ್ನೋ ಮಾಹಿತಿ ಕೊಡ್ರಿ. ಶಾಲೆ ಬಿಟ್ಟವರು ಮಹಾರಾಷ್ಟ್ರ ಬೋರ್ಡಿನಲ್ಲಿ 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಹತ್ತನೇ ಪರೀಕ್ಷೆಗೆ ಕೂರಬಹುದು, ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಇದೆ, ಐಟಿಐ ಇದೆ. ಮುಂಬೈನಲ್ಲಿ ನಮ್ಮ ಕರಾವಳಿಯ ಎಷ್ಟೋ ಜನ ಹಗಲು ಹೋಟೆಲ್‌ನಲ್ಲಿ ಕೆಲಸ ಮಾಡಿ ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿ ಮುಂದೆ ಬಂದವರು, ಅಂಥವರು ನಿಮ್ಮ ಪರಿಚಯದಲ್ಲಿ ಇದ್ರೆ ಒಂದು ಸಂಜೆ ಕರ್ಕೊಂಡು ಬಂದು ಕೂರಿಸ್ರಿ, ನಮ್ಮ ನೂರು ಮಾತಿಗಿಂತ ಅವರ ಎರಡು ಮಾತು ಹತ್ತುತ್ತೆ.

ನೀವೇ ಇನ್ನೂ ಓದ್ತಿದ್ದೀರಿ, ನೀವೇನು ಕಲಿಸ್ತೀರಿ ಅಂತ ಕೇಳೋರು ಸಿಗ್ತಾರೆ. ಇದೇ ಪುಣೆಯ ಭಿಡೆ ವಾಡಾದಲ್ಲಿ 1848ರಲ್ಲಿ ಹೆಣ್ಮಕ್ಕಳ ಶಾಲೆಯಲ್ಲಿ ಕಲಿಸೋಕೆ ನಿಂತಾಗ ಸಾವಿತ್ರಿಬಾಯಿ ಫುಲೆ ಅವರಿಗೆ 17 ವರ್ಷ. ಇವತ್ತಿನ ಲೆಕ್ಕದಲ್ಲಿ ಹನ್ನೆರಡನೇ ಕ್ಲಾಸಿನ ಹುಡುಗಿ.

ಹಂತ 8: ಶಾಲೆಗೆ ಸೇರಿಸೋದು, ಕಾಗದ ಪತ್ರ

ನಮ್ಮ ಕ್ಲಾಸು ಶಾಲೆಯ ಬದಲಿ ಅಲ್ಲ. ಶಾಲೆಗೆ ಹೋಗದ ಮಗುವನ್ನ ಹತ್ತಿರದ ಮಹಾನಗರ ಪಾಲಿಕೆ ಶಾಲೆಗೆ ಸೇರಿಸೋದೇ ನಮ್ಮ ದೊಡ್ಡ ಕೆಲಸ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಜನನ ಪ್ರಮಾಣಪತ್ರ ಇಲ್ಲ ಅಂತ ಅಡ್ಮಿಶನ್ ನಿರಾಕರಿಸೋ ಹಂಗಿಲ್ಲ, ಟಿಸಿ ಬರೋದು ತಡ ಆಯ್ತು ಅಂತಾನೂ ಇಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ಹಿಂದೆ ಬಿದ್ದದ್ದನ್ನ ಕಲಿಸೋ ವಿಶೇಷ ತರಬೇತಿ ಕೊಡ್ಬೇಕು. ಒಂದು ಶಾಲೆಯಲ್ಲಿ ನಮ್ಮನ್ನ ಮೂರು ಸಲ ವಾಪಸ್ ಕಳಿಸಿದ್ರು. ನಾಲ್ಕನೇ ಸಲ ಮಗುವಿನ ಅವ್ವ ಕೂಲಿ ಬಿಟ್ಟು ಜೊತೆಗೆ ಬಂದರು, ನಾನು ಕಾಯ್ದೆಯ ಆ ಕಲಮುಗಳನ್ನ ಮರಾಠಿಯಲ್ಲಿ ಪ್ರಿಂಟ್ ತಗೊಂಡು ಹೋಗಿದ್ದೆ, ಜಗಳ ಮಾಡದೆ ಟೇಬಲ್ ಮೇಲಿಟ್ಟು ಓದಿ ನೋಡ್ರಿ ಅಂತ ಕೇಳ್ಕೊಂಡೆವು, ಅವತ್ತೇ ಹೆಸರು ಬರ್ಕೊಂಡ್ರು.

ಅಪ್ಪ ಅವ್ವಂದಿರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸ್ಕೋಬಹುದು, ನೋಂದಣಿ ಇದ್ರೆ ಮಕ್ಕಳ ಓದಿಗೆ ಸಹಾಯಧನ ಸಿಗುತ್ತೆ. ಫಾರ್ಮ್ ಮರಾಠಿಯಲ್ಲಿರುತ್ತೆ, ಒಂದು ಭಾನುವಾರ ಕೂತು ತುಂಬಿಕೊಡ್ರಿ.

ಹಂತ 9: ಅವರು ಹೋಗುವಾಗ, ನೀವು ಹೋಗುವಾಗ

ಸೈಟ್ ಮುಗಿದ್ರೆ ಒಂದೇ ರಾತ್ರಿಯಲ್ಲಿ ಶೆಡ್ ಖಾಲಿ ಆಗುತ್ತೆ. ಬುಧವಾರ ಇದ್ದ ಮಗು ಶನಿವಾರ ಇಲ್ಲ. ಮೊದಲ ಸಲ ನಾನು ಆ ಖಾಲಿ ಪತ್ರಾ ಶೆಡ್ ಮುಂದೆ ನಿಂತು ಅತ್ತೆ. ಅದಕ್ಕೇ ಈಗ ಪ್ರತಿ ಮಗುವಿನ ಹತ್ರ ಒಂದು ಪ್ಲಾಸ್ಟಿಕ್ ಫೈಲ್ ಇರುತ್ತೆ, ಅದರಲ್ಲಿ ಆಧಾರ್ ಜೆರಾಕ್ಸ್, ಶಾಲೆಯ ಹೆಸರು, ಕ್ಲಾಸು, ಮತ್ತೆ ಒಂದು ಹಾಳೆ. ಹಾಳೆಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ: ಈ ಮಗು ಸಣ್ಣ ಪ್ಯಾರಾ ಓದುತ್ತೆ, ಎರಡಂಕಿ ಕೂಡಿಸುತ್ತೆ, ಕಳೆಯೋದು ಕಟ್ಟು ಬಿಚ್ಚಿ ಮಾಡುತ್ತೆ, ಮರಾಠಿ ಅಂಕಿ ಕೇಳಿ ಬರೆಯುವಾಗ ಸ್ವಲ್ಪ ಹೊತ್ತು ಕೊಡ್ರಿ, ಕಥೆ ಅಂದ್ರೆ ಇಷ್ಟ. ಇದನ್ನ ಎರಡು ತಿಂಗಳಿಗೊಮ್ಮೆ ಹೊಸದಾಗಿ ಬರೀರಿ, ಯಾವಾಗ ಹೋಗ್ತಾರೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಹೋದ ವರ್ಷ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿ, ಫೈಲಿನಲ್ಲಿ ನಮ್ಮ ನಂಬರ್ ಇತ್ತು, 'ಈ ಹುಡುಗಿನ ಮೂರನೆತ್ತಕ್ಕ (ಮೂರನೇ ಕ್ಲಾಸಿಗೆ) ಕೂರಿಸೀವಿ, ಆ ಕಾರ್ಡ್ ಆಟ ಹೆಂಗ ಆಡಸ್ತೀರಿ ಹೇಳ್ರಿ' ಅಂತ ಕೇಳಿದ್ರು.

ನಿಮ್ಮ ಡಿಗ್ರಿ ಮುಗಿಯೋಕೆ ಆರು ತಿಂಗಳು ಇರುವಾಗಲೇ ಜೂನಿಯರ್ಸ್‌ನಲ್ಲಿ ಇಬ್ಬರು ಕನ್ನಡದವರನ್ನ ಹುಡುಕ್ರಿ, ಪುಣೆಯ ಹಾಸ್ಟೆಲ್‌ಗಳಲ್ಲಿ ಇದ್ದೇ ಇರ್ತಾರೆ. ಮೊದಲ ಎರಡು ತಿಂಗಳು ಅವರು ನೋಡಲಿ, ಆಮೇಲೆ ಎರಡು ತಿಂಗಳು ಅವರು ಕಲಿಸಲಿ ನೀವು ಹಿಂದೆ ಕೂತ್ಕೊಳ್ರಿ, ಕೊನೆಯ ಎರಡು ತಿಂಗಳು ವಾರಕ್ಕೊಮ್ಮೆ ಮಾತ್ರ ಹೋಗ್ರಿ. ಮಕ್ಕಳಿಗೆ ತಾರೀಖು ಹೇಳ್ರಿ, ಮತ್ತೆ ಬರ್ತೀನಿ ಅಂತ ಸುಮ್ಮನೆ ಹೇಳಬೇಡ್ರಿ. ನೋಟ್‌ಬುಕ್, ಕಾರ್ಡ್, ಕಡ್ಡಿ ಕಟ್ಟು, ಪದಗಳ ಎರಡು ಪಟ್ಟಿ ಎಲ್ಲ ಒಂದು ಚೀಲದಲ್ಲಿ ಹಾಕಿ ಮಕ್ಕಳ ಎದುರಿಗೇ ಹೊಸಬರ ಕೈಗೆ ಕೊಡ್ರಿ. ನನ್ನ ಚೀಲ ನಾನು ಬರೋ ಮಾರ್ಚ್‌ನಲ್ಲಿ ಕೊಡೋದಿದೆ, ತೆಗೆದುಕೊಳ್ಳೋ ಇಬ್ಬರಲ್ಲಿ ಒಬ್ಬಳು ಬೀದರ್‌ನವಳು, ಇನ್ನೊಬ್ಬ ಸಾಂಗ್ಲಿ ಜಿಲ್ಲೆಯ ಜತ್ತದವನು, ಆಯಿ ಅಂದ್ರೆ ಯಾರು ಅಂತ ಇಬ್ಬರಿಗೂ ಮೊದಲೇ ಹೇಳಿದೀನಿ.